ಜುವಾಕಿಂ ಎತ್ತಿದ ಟೋಸ್ಟ್

ಅಬುಧಾಬಿಯ ಖಾಲಿದಿಯಾ ಬಡಾವಣೆಯ ಹೋಟೆಲೊಂದರ ಪಾರ್ಟಿ ಹಾಲಿನಲ್ಲಿ ಹದಿನಾಲ್ಕು ವರ್ಷಗಳಿಂದ ಮೈಕ್ ನೋಡಿಕೊಳ್ಳುತ್ತಿದ್ದವರು ಜುವಾಕಿಂ. "ಹಲೋ, ಒನ್ ಟೂ ತ್ರೀ" ಎಂದು ವೇದಿಕೆಯಿಂದ ಇಳಿದು ಬರುವುದೇ ಅವರ ಕೆಲಸ. ಅವರ ಬಾಯಿಂದ ನಾಲ್ಕು ಕೇಳಿದವರು ಯಾರೂ ಇರಲಿಲ್ಲ. ಕುರ್ಚಿಗಳು ಖಾಲಿ ಇದ್ದರೆ ಮಹಾಶಯರು ಹುಲಿ. ಒಂದೇ ಒಂದರಲ್ಲಿ ಯಾರಾದರೂ ಬಂದು ಕೂತರೆ ಸಾಕು, ನಾಲಿಗೆ ಅಂಗುಳಕ್ಕೆ ಅಂಟಿಬಿಡುತ್ತಿತ್ತು.

ಇಂಥವರನ್ನು ಹುಡುಕಿ ಹಿಡಿದು ವೆಲಿಟಾ ತನ್ನ ಮದುವೆಯ ಟೋಸ್ಟ್ ಎತ್ತಬೇಕೆಂದಳು. ಮಂಗಳೂರಿನ ಕ್ರೈಸ್ತರ ಮದುವೆಯಲ್ಲಿ ಟೋಸ್ಟ್ ಹುಡುಗಾಟವಲ್ಲ. ಹಿರಿಯರೊಬ್ಬರು ಮದುಮಕ್ಕಳನ್ನು ಹೊಗಳಿ, ಸಭೆಯನ್ನು ನಗಿಸಿ, ಕೊನೆಗೆ ಎಲ್ಲರಿಂದಲೂ ಗ್ಲಾಸ್ ಎತ್ತಿಸಬೇಕು. ಅದು ಮುಗಿಯದೆ ಊಟವಿಲ್ಲ.

"ನನ್ನಿಂದ ಆಗ್ಲಿಕ್ಕಿಲ್ಲ ಮಗಾ. ಬೇರೆ ಯಾರಿಗಾದ್ರೂ ಹೇಳು."

"ಡ್ಯಾಡಿ ಇದ್ದಿದ್ರೆ ನಿಮ್ಮನ್ನೇ ಕರೀತಿದ್ರು ಬಾಪ್ಪು. ನೀವು ಎತ್ತುದಿಲ್ಲಾಂದ್ರೆ ನನಗೆ ಟೋಸ್ಟೇ ಬೇಡ."

ಅವಳ ಡ್ಯಾಡಿ ಕಾನ್ರಾಡ್, ಈ ಹೋಟೆಲಿಗೆ ಸೇರುವುದಕ್ಕೂ ಮೊದಲಿನ ಜುವಾಕಿಂ ಅವರ ರೂಮ್‌ಮೇಟ್, ತೀರಿಕೊಂಡು ಮೂರು ವರ್ಷವಾಗಿತ್ತು. ವೆಲಿಟಾಳ ದೀಕ್ಷಾಸ್ನಾನದ ದಿನ ಅವಳನ್ನು ಎತ್ತಿಕೊಂಡು ನಿಂತಿದ್ದ ಗಾಡ್‌ಫಾದರ್ ಜುವಾಕಿಮರೇ; ಅಂದಿನಿಂದ ಅವಳಿಗೆ ಅವರು ಬಾಪ್ಪು, ಅಂದರೆ ಚಿಕ್ಕಪ್ಪ. ಹೆದರಿಕೆಗಿಂತ ಪ್ರೀತಿ ಜಾಸ್ತಿಯಾಗಿ ಹೂಂ ಎಂದರು. ಆಮೇಲೆ ಎರಡು ದಿನ ಅವರಿಗೆ ಊಟ ಸೇರಲಿಲ್ಲ.

ಹುಡುಗ ನಿಶಾಂತ್ ಮೈಸೂರಿನ ಕಡೆಯವನು, ಕೊಂಕಣಿ ಬಾರದು; ಹಾಗಾಗಿ ಭಾಷಣ ಕನ್ನಡದಲ್ಲಿ. ಮದುವೆಯ ಔತಣವೂ ಅದೇ ಹಾಲಿನಲ್ಲಿ. ಜುವಾಕಿಂ ದಿನಾ ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಧೈರ್ಯಕ್ಕಿರಲಿ ಎಂದು ಮೈಕ್ ಹಚ್ಚಿ, ಖಾಲಿ ಕುರ್ಚಿಗಳ ಮುಂದೆ ಗರ್ಜಿಸತೊಡಗಿದರು. ಆರನೆಯ ದಿನ ಊಟದ ಸರದಿಯಲ್ಲಿ ಸಪ್ಲೈಯರ್ ಉಮರ್ ಮೆಲ್ಲನೆ ಹೇಳಿದ:

"ಜುವಾಕಿಮಣ್ಣ, ಆ ಹುಡುಗಿಯನ್ನು ಗುಲಾಬಿ ಹೂ ಅಂತೀರಲ್ಲ, ಅದು ಬೇಡ. ಎಲ್ಲರೂ ಅದನ್ನೇ ಹೇಳುದು."

"ನಿನಗೆ ಹೇಗೆ ಗೊತ್ತು ಮಾರಾಯ?"

"ಇಡೀ ಅಡುಗೆಮನೆಗೆ ಗೊತ್ತುಂಟು. ಬಾಯಿಪಾಠ ಆಗಿದೆ."

ಜುವಾಕಿಂ ಅಲ್ಲೇ ಬೆವೆತರು. ಭಾಷಣ ಮುಗಿಯುವ ಹೊತ್ತು ತಿಳಿದು ಊಟ ಹೊರಡಲಿ ಎಂದು ಹಾಲಿನ ಮೈಕಿಗೆ ಅಡುಗೆಮನೆಯಲ್ಲೂ ಒಂದು ಸ್ಪೀಕರ್ ಜೋಡಿಸಿದವರು ಸ್ವತಃ ಅವರೇ. ಅದನ್ನು ಬಂದ್ ಮಾಡುವುದನ್ನೇ ಮರೆತಿದ್ದರು. ಕಾರ್ಕಳದ ಬಾಣಸಿಗ ಧರ್ಮಪಾಲ ಸೌಟು ಹಿಡಿದೇ ಬಂದ. "ಎರಡನೇ ಪ್ಯಾರಾ ಮುಟ್ಟಬೇಡಿ ಅಣ್ಣ. ಅದು ಕೇಳುವಾಗ ನನಗೆ ಈರುಳ್ಳಿ ಇಲ್ಲದೇ ಕಣ್ಣೀರು ಬರ್ತದೆ."

ಮದುವೆಯ ಸಂಜೆ ನಾನೂರು ಜನ. ಜುವಾಕಿಂ ಸೂಟು ಹಾಕಿ ವೇದಿಕೆ ಹತ್ತಿದರು. ಬಾಯಿ ತೆರೆದರು.

"ಹಲೋ, ಒನ್ ಟೂ ತ್ರೀ."

ಸಭೆ ಕಿಸಕ್ಕೆಂದಿತು. ಬರೆದು ತಂದ ಹಾಳೆಯ ಅಕ್ಷರಗಳೆಲ್ಲ ಇರುವೆಗಳಂತೆ ಓಡಾಡತೊಡಗಿದವು. ವೆಲಿಟಾಳ ಮುಖ ಚಿಕ್ಕದಾಯಿತು. ಮುಂದಿನ ಸಾಲಿನಲ್ಲಿ ಹೆಂಡತಿ ಎವ್ಲಿನ್ ಜಪಮಾಲೆ ತೆಗೆದರು. ಇಳಿದುಬಿಡೋಣ ಎಂದು ಜುವಾಕಿಂ ಒಂದು ಕಾಲು ಹಿಂದಿಟ್ಟೂ ಆಯಿತು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲ ಸಂದಿಯಿಂದ ಹತ್ತು ಹನ್ನೆರಡು ಗಂಟಲು ಒಟ್ಟಿಗೆ ಕೂಗಿದವು:

"ಪ್ರೀತಿಯ ಬಂಧುಗಳೇ, ಮಿತ್ರರೇ!"

ನಾನೂರು ತಲೆ ಗರಕ್ಕನೆ ಹಿಂದೆ ತಿರುಗಿತು. ಬಾಗಿಲ ಹಿಂದಿನವರು ನಿಲ್ಲಿಸಲಿಲ್ಲ. "ನಮ್ಮ ವೆಲಿಟಾ ಒಂದು ಗುಲಾಬಿ..."

"ಏಯ್! ಸುಮ್ನಿರಿ ಮಾರಾಯ್ರೆ!" ಜುವಾಕಿಂ ಮೈಕಿನಲ್ಲೇ ಗದರಿದರು. "ಟೋಸ್ಟ್ ನಂದಾ ನಿಮ್ದಾ? ಗುಲಾಬಿ ಬೇಡ ಅಂತ ನೀವೇ ಹೇಳಿದ್ದಲ್ವಾ? ಇವಳು ಎಂತದ್ದು ಗುಲಾಬಿ! ಹೊಟ್ಟೆಯ ಮೇಲೆ ಮಲಗಿಸಿಕೊಂಡ್ರೆ ನನ್ನ ಮೀಸೆ ಕೀಳ್ತಿದ್ದವಳು!"

ಹಾಲ್ ಹೋ ಎಂದು ನಕ್ಕಿತು. ಜುವಾಕಿಂ ಕಣ್ಣು ಪಿಳುಕಿಸಿದರು. ಇಷ್ಟು ಜನ ನಕ್ಕದ್ದು ತನ್ನ ಮಾತಿಗೇ? ಮೈಯೆಲ್ಲ ಹಗುರವಾಯಿತು, ಖುಷಿ ನೆತ್ತಿಗೇರಿತು. ಹಾಳೆಯನ್ನು ಮಡಚಿ ಜೇಬಿಗೆ ತುರುಕಿದರು.

"ಕಾನ್ರಾಡ್ ಇದ್ದಿದ್ರೆ ಈ ಮೈಕ್ ನನಗೆ ಸಿಗ್ತಿರ್ಲಿಲ್ಲ," ಎಂದರು. "ರೂಮಲ್ಲೂ ಅವನು ನನಗೆ ಮಾತಾಡ್ಲಿಕ್ಕೆ ಬಿಟ್ಟವನಲ್ಲ. ಒಂಬತ್ತು ವರ್ಷ ಅವನು ಹೇಳಿದ್ದು ಒಂದೇ ಸುದ್ದಿ, ಮಗಳದ್ದು. ಅವಳಿಗೆ ಹಲ್ಲು ಬಂತು, ಅವಳು ಶಾಲೆಗೆ ಹೋದ್ಳು, ಅವಳು ಬಿದ್ದು ಮೊಣಕಾಲು ತರಚಿಕೊಂಡ್ಳು. ನಿಶಾಂತ್, ನನಗೆ ಎಲ್ಲಾ ಗೊತ್ತುಂಟು. ನೀನು ಹುಷಾರು!"

ನಗುತ್ತ ನಗುತ್ತ ವೆಲಿಟಾ ಅತ್ತಳು. ಜುವಾಕಿಂ ಕೂಡ ಅತ್ತರು, ಆದರೆ ಮಾತು ನಿಲ್ಲಿಸಲಿಲ್ಲ. "ಎಲ್ಲರೂ ಗ್ಲಾಸ್ ಎತ್ತಿ!" ಎಂದರು. ದ್ರಾಕ್ಷಿ ರಸದ ನಾನೂರು ಗ್ಲಾಸ್ ಮೇಲೆದ್ದವು. ಅಷ್ಟರಲ್ಲಿ ಅವರಿಗೆ ಅವಳ ಮೊದಲ ಸೈಕಲ್ ನೆನಪಾಯಿತು. ಆಮೇಲೆ ಹತ್ತನೇ ಕ್ಲಾಸಿನ ರಿಸಲ್ಟು. ಎತ್ತಿದ ಕೈಗಳು ಎತ್ತಿದಂತೆಯೇ ಉಳಿದವು. ಎವ್ಲಿನ್ ಜಪಮಾಲೆ ಚೀಲಕ್ಕೆ ಹಾಕಿ, "ಖಲಾಸ್, ಸಾಕು ಮಾಡಿ!" ಎಂದು ಸನ್ನೆ ಮಾಡಿದರು. ಬಿರಿಯಾನಿ ತಣಿಯುತ್ತದೆಂದು ಧರ್ಮಪಾಲ ಏಪ್ರನ್ನಿನಲ್ಲೇ ಹಾಲಿನ ನಡುವೆ ಬಂದು ನಿಂತ.

"ಬಾಪ್ಪು," ವೆಲಿಟಾ ಕಣ್ಣೊರೆಸಿಕೊಂಡು ಪಿಸುಗುಟ್ಟಿದಳು, "ಎಲ್ಲರಿಗೂ ಕೈ ನೋಯ್ತದೆ. ಕುಡಿಯುವಾ?"

"ಕುಡಿಯುವಾ ಮಗಾ, ಕುಡಿಯುವಾ," ಎಂದು ಜುವಾಕಿಂ ಮೈಕನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡರು. "ನಿನ್ನ ಡ್ಯಾಡಿ ಹೇಳಿದ್ದು ಇನ್ನೂ ಒಂದು ಉಂಟು."