ಬ್ರದರ್ ಬ್ಯಾಗ್ಲಿಯವರ ಮೊಣಕಾಲು

“ಪರಲೋಕದ ತಂದೆಯೇ, ಈ ಬಸ್ಸಿನ ಟೈರುಗಳನ್ನು ಕಾಪಾಡು. ಡ್ರೈವರ್ ಕಣ್ಣಿಗೆ ನಿದ್ದೆ ಬಾರದಿರಲಿ. ಬ್ರದರ್ ಬ್ಯಾಗ್ಲಿಯವರ ಬಲ ಮೊಣಕಾಲನ್ನು ಗುಣಪಡಿಸು. ಹೊಲಿಗೆ ಹಾಕಿದ ಜಾಗದಲ್ಲಿ ಕೀವಾಗದ ಹಾಗೆ ನೋಡಿಕೋ…”

ನೆಡ್ರಾ ಬ್ಯಾಗ್ಲಿ ಎಲ್ಲರಂತೆ ಎದೆಯ ಮೇಲೆ ಕೈಕಟ್ಟಿ, ತಲೆ ತಗ್ಗಿಸಿ ಕೂತಿದ್ದಳು. ಬಸ್ಸು ಹೊರಟು ಇಂದಿಗೆ ಏಳನೆಯ ದಿನ. ಈ ಏಳು ದಿನದಿಂದ ನಲವತ್ತೆರಡು ಜನ, ಬೆಳಿಗ್ಗೆ ಒಂದು ಸಲ ಸಂಜೆ ಒಂದು ಸಲ, ಅವಳ ಗಂಡನ ಮೊಣಕಾಲಿಗಾಗಿ ದೇವರಲ್ಲಿ ಮೊರೆಯಿಡುತ್ತಿದ್ದರು. ಆ ಮೊಣಕಾಲಿಗೆ ಏನೂ ಆಗಿರಲಿಲ್ಲ. ಅರವತ್ತೊಂಬತ್ತನೆಯ ವಯಸ್ಸಿನಲ್ಲೂ ಓರಿನ್ ಬ್ಯಾಗ್ಲಿ ಏಣಿ ಹತ್ತಿ ಸೂರಿನ ದೋಣಿಯಲ್ಲಿ ಸೇರಿಕೊಂಡ ಎಲೆ ತೆಗೆಯುತ್ತಿದ್ದ.

“ಆಮೆನ್,” ಎಂದರು ಎಲ್ಲರೂ. ನೆಡ್ರಾಳೂ ಅಂದಳು.

ಸುಳ್ಳು ಹುಟ್ಟಿದ್ದು ಮೊದಲ ದಿನ, ‘ನಾವೂ’ ಎಂಬ ಹೆಸರಿನ ಊರಿನಲ್ಲಿ, ನದಿಯ ದಂಡೆಯಲ್ಲಿ. ಹಿಂದೆ ನಮ್ಮ ಪಂಥದ ಹಿರಿಯರು ಮನೆಮಠ ಬಿಟ್ಟು ಗಾಡಿ ಹೂಡಿಕೊಂಡು ಪಶ್ಚಿಮಕ್ಕೆ ಹೊರಟದ್ದು ಅಲ್ಲಿಂದಲೇ ಆದ್ದರಿಂದ ಬಸ್ಸೂ ಅಲ್ಲಿಂದಲೇ ಹೊರಡಬೇಕು. ಗೈಡ್ ವರ್ಲ್ ಸ್ಟಾಟ್ ಹೆಸರು ಕೂಗುತ್ತಾ ಬಂದ. “ಸಿಸ್ಟರ್ ಬ್ಯಾಗ್ಲಿ ಇದಾರೆ. ಬ್ರದರ್ ಬ್ಯಾಗ್ಲಿ ಎಲ್ಲಪ್ಪಾ?” ಎಂದ. ನೆಡ್ರಾಳ ಬಾಯಿಂದ “ಮೊಣಕಾಲು ಆಪರೇಷನ್” ಎಂಬ ಮಾತು ತಾನಾಗಿಯೇ ಬಿದ್ದುಹೋಯಿತು. ಅಲ್ಲಿಗೆ ಮುಗಿಯಿತು ಎಂದುಕೊಂಡಳು. ಹುಟ್ಟಿದಾಗಿನಿಂದ ಈ ಜನರ ನಡುವೆಯೇ ಬೆಳೆದವಳಿಗೆ ಅಷ್ಟೂ ತಿಳಿಯದೆ ಹೋಯಿತೇ! ನಮ್ಮವರ ಮುಂದೆ ಕಾಯಿಲೆಯ ಹೆಸರು ಹೇಳುವುದೂ ಒಂದೇ, ಜೇನುಗೂಡಿಗೆ ಕಲ್ಲು ಹೊಡೆಯುವುದೂ ಒಂದೇ. “ಯಾವ ಕಾಲು ಸಿಸ್ಟರ್?” ಎಂದು ಹತ್ತು ಜನ ಒಟ್ಟಿಗೆ ಕೇಳಿದರು. ಬಲ, ಎಂದಳು. ಮಧ್ಯಾಹ್ನದೊಳಗೆ ಓರಿನ್ ಹೆಸರು ಮೂರು ದೇವಾಲಯಗಳ ಪ್ರಾರ್ಥನೆಯ ಪಟ್ಟಿ ಸೇರಿತ್ತು. ಪಕ್ಕದ ಸೀಟಿನ ವಿಧವೆ ಲರೂ ಹಿಗ್ಬಿ, ಬ್ಯಾಗ್ಲಿಯವರ ಊರಾದ ಎಫ್ರೆಮ್ಮಿನಲ್ಲೇ ಇದ್ದ ತನ್ನ ನಾದಿನಿಗೆ ಫೋನು ಮಾಡಿ, ಅವರ ಬಾಗಿಲಿಗೆ ಊಟ ಕಳಿಸಲು ಹೇಳಲು ಹೊರಟಿದ್ದಳು. ಓರಿನ್‌ನ ತಂಗಿ ಬಂದು ಅಡಿಗೆ ಮಾಡುತ್ತಿದ್ದಾಳೆ ಎಂದು ಇನ್ನೊಂದು ಸುಳ್ಳು ಹೇಳಿ ತಡೆಯಬೇಕಾಯಿತು.

ನಿಜ ಹೇಳುವುದು ಹೇಗೆ? ಓರಿನ್ ಮೂವತ್ತೆರಡು ವರ್ಷ ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದವನು. ಪೆಟ್ರೋಲ್ ಪಂಪು, ಮಾಂಸದಂಗಡಿಯ ತಕ್ಕಡಿ, ದನ ತೂಗುವ ಕಾಟಾ, ಯಾವುದೇ ಇರಲಿ, ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ, ಬಳಸಕೂಡದೆಂಬ ಕೆಂಪು ಚೀಟಿ ಅಂಟಿಸಿ ಬರುತ್ತಿದ್ದ. ಸ್ವಂತ ಮಾವನ ಕಾಟಾಕ್ಕೂ ಅಂಟಿಸಿದ್ದ. ತಿಂಗಳ ಮೊದಲ ಭಾನುವಾರ ಸಭೆಯಲ್ಲಿ ಒಬ್ಬೊಬ್ಬರೇ ಎದ್ದುನಿಂತು, ಇದೆಲ್ಲ ಸತ್ಯವೆಂದು ನನಗೆ ಗೊತ್ತು, ಎಂದು ಸಾಕ್ಷಿ ಹೇಳುತ್ತಾರಲ್ಲ, ಅದನ್ನು ಓರಿನ್ ನಲವತ್ತು ವರ್ಷ ಹೇಳಿದ. ಮಾರ್ಚಿನಲ್ಲಿ ಒಂದು ಭಾನುವಾರ ಟೈ ಕಟ್ಟಿಕೊಳ್ಳುತ್ತಿದ್ದವನು ಅರ್ಧಕ್ಕೆ ಬಿಟ್ಟು ಮಂಚದ ಮೇಲೆ ಕೂತ.

“ನಂಗೆ ಗೊತ್ತಿಲ್ಲ, ನೆಡ್ರಾ. ಗೊತ್ತಿಲ್ಲದ್ದನ್ನ ಗೊತ್ತು ಅಂತ ಇನ್ಮೇಲೆ ಹೇಳೋಕಾಗಲ್ಲ.”

“ಹೇಳ್ಬೇಡ. ಸುಮ್ನೆ ಬಂದು ಕೂತ್ಕೋ.”

“ಕೂತ್ಕೊಂಡ್ರೂ ಹೇಳಿದ ಹಾಗೇ ಅಲ್ವಾ?”

ಮರುವಾರ ಅವನು ಪತ್ರ ಬರೆದ. ಸಭೆಯ ದಾಖಲೆಯಿಂದ ಅವನ ಹೆಸರು ತೆಗೆದುಹಾಕಿದರು. ಬಿಷಪ್ ಒಳ್ಳೆಯವನು. ಮನೆಗೇ ಬಂದು, ನೆಡ್ರಾಳ ಕೈ ಹಿಡಿದು, ಸಮಾಧಾನದಿಂದಲೇ ತಿಳಿಸಿದ: ದೇವಾಲಯದಲ್ಲಿ ಅವರಿಬ್ಬರನ್ನು ಅನಂತಕಾಲಕ್ಕೂ ಕಟ್ಟಿದ್ದ ಗಂಟು ಅದರೊಂದಿಗೇ ಕಳಚಿತು. ಇನ್ನು ಅವರು ಗಂಡ ಹೆಂಡತಿಯಾಗಿರುವುದು ಸಾಯುವವರೆಗೆ ಮಾತ್ರ. ಆ ದಿನ ನೆಡ್ರಾ ಅಳಲಿಲ್ಲ. ಬಿಷಪ್ಪನಿಗೆ ನಿಂಬೆಹಣ್ಣಿನ ಕೇಕು ಕೊಟ್ಟು, ಪಾತ್ರೆ ತೊಳೆದಿಟ್ಟಳು. ಕಾಲು ಮಡಚಿ ಬಹಳ ಹೊತ್ತು ಕೂತರೆ ಹಿಡಿಯುವ ಜೋಮು ಅಂದು ಮೈಯನ್ನೆಲ್ಲ ಹಿಡಿಯಿತು, ಬಿಡಲೇ ಇಲ್ಲ.

ಈ ಪ್ರವಾಸಕ್ಕೆ ಹೆಸರು ಕೊಟ್ಟದ್ದು ಅದಕ್ಕೂ ಮುಂಚೆ, ಇಬ್ಬರದೂ. ಅವಳು ಒಬ್ಬಳೇ ಬಂದಳು. ಒಂಬತ್ತು ದಿನಕ್ಕೆ ಬೇಕಾದ್ದಕ್ಕಿಂತ ದೊಡ್ಡ ಪೆಟ್ಟಿಗೆ ತಂದಿದ್ದಳು, ಅದರಲ್ಲಿ ಚಳಿಗಾಲದ ಕೋಟೂ ಇತ್ತು. ಸಾಲ್ಟ್ ಲೇಕಿನಲ್ಲಿ ಬಸ್ಸಿಳಿದು ಎಫ್ರೆಮ್ಮಿಗೆ ಹಿಂದಿರುಗುವ ಯೋಚನೆ ಅವಳಿಗಿರಲಿಲ್ಲ. ಲೋಗನ್ನಿನಲ್ಲಿ ತಂಗಿ ಮರ್ಲಿನ್ ನೆಲಮಾಳಿಗೆಯ ಕೋಣೆ ಗುಡಿಸಿಟ್ಟಿದ್ದಳು. ಸಾಯುವವರೆಗೆ ಮಾತ್ರ ಗಂಡನಾಗಿರುವವನ ಜೊತೆ ಬದುಕುವುದು ಹೇಗೆಂದು ನೆಡ್ರಾಳಿಗೆ ಯಾರೂ ಕಲಿಸಿರಲಿಲ್ಲ. ಓರಿನ್‌ಗೆ ಇದನ್ನಿನ್ನೂ ಹೇಳಿರಲಿಲ್ಲ.

ಆ ಏಳನೆಯ ದಿನ ಮಧ್ಯಾಹ್ನ ಬಸ್ಸು ಮಾರ್ಟಿನ್ ಕಣಿವೆಯ ಹತ್ತಿರ ನಿಂತಿತು. ಆ ಹಿರಿಯರಲ್ಲಿ ಎತ್ತಿನ ಗಾಡಿಗೆ ಗತಿಯಿಲ್ಲದವರು ಕೈಗಾಡಿ ಎಳೆದುಕೊಂಡು ಬಂದು, ಅಕ್ಟೋಬರಿನ ಹಿಮಕ್ಕೆ ಸಿಕ್ಕಿ ಸತ್ತ ಜಾಗ. ಈಗ ಜುಲೈ. ಬಿಸಿಲು ಚುರುಗುಟ್ಟುತ್ತಿತ್ತು, ನೊಣ ಮುತ್ತುತ್ತಿದ್ದವು. ವರ್ಲ್ ಗಂಡಸರನ್ನೆಲ್ಲ ದಾರಿಯ ಎರಡೂ ಬದಿಗೆ ನಿಲ್ಲಿಸಿ ಟೋಪಿ ತೆಗೆಸಿದ. ದಿಬ್ಬದ ಮೇಲಕ್ಕೆ ಕೈಗಾಡಿ ಎಳೆಯಬೇಕಾದವರು ಹೆಂಗಸರು ಮಾತ್ರ. ಗಂಡಸರು ಕೈ ಹಾಕುವಂತಿಲ್ಲ, ಮಾತಾಡುವಂತಿಲ್ಲ, ಗಂಡಂದಿರು ಸತ್ತಮೇಲೆ ಹೆಂಗಸರು ಹೇಗೆ ಎಳೆದಿರಬಹುದೆಂದು ನೋಡುತ್ತಾ ನಿಲ್ಲಬೇಕು. ಪ್ರತಿ ಪ್ರವಾಸದಲ್ಲೂ ಇದು ನಡೆಯುತ್ತದೆ, ಪ್ರತಿ ಸಲವೂ ಗಂಡಸರೇ ಮೊದಲು ಅಳುತ್ತಾರೆ.

ನೆಡ್ರಾ ಅಡ್ಡಮರಕ್ಕೆ ಎದೆ ಕೊಟ್ಟು ತಳ್ಳಿದಳು. ಮರಳಿನಲ್ಲಿ ಚಕ್ರ ಹೂತಿತು. ಲರೂ ಪಕ್ಕದಲ್ಲಿ ಬಿಕ್ಕುತ್ತಾ, “ನನ್ನ ಹಾವರ್ಡ್ ನಿಂತು ನೋಡ್ತಿದಾನೆ ಅನ್ಸುತ್ತೆ ಕಣ್ರೀ, ಅಲ್ಲೇ ಪಕ್ಕದಲ್ಲೇ,” ಎಂದಳು. ಹಾವರ್ಡ್ ಸತ್ತು ಆರು ವರ್ಷವಾಗಿತ್ತು. ಅವನು ಕಾಯುತ್ತಿರುತ್ತಾನೆ, ಲರೂ ಹೋಗಿ ಸೇರುತ್ತಾಳೆ, ಅದರಲ್ಲಿ ಲರೂಗೆ ಎಳ್ಳಷ್ಟೂ ಅನುಮಾನವಿಲ್ಲ. ಸತ್ತ ಗಂಡನಿರುವ ಇವಳು ತನಗಿಂತ ಪುಣ್ಯವಂತೆ ಎಂದು ನೆಡ್ರಾಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಗಲಿಲ್ಲ.

ದಿಬ್ಬದ ಮೇಲೆ ವರ್ಲ್ ಒದ್ದೆ ಕಣ್ಣಲ್ಲಿ ಕೇಳಿದ, “ಏನಾದ್ರೂ ಅನುಭವ ಆಯ್ತಾ, ಸಿಸ್ಟರ್?”

“ಆಯ್ತು,” ಎಂದಳು ನೆಡ್ರಾ. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಅದೂ ನೋಯುತ್ತಿರಲಿಲ್ಲ.

ಕೊನೆಯ ದಿನ ಬೆಳಿಗ್ಗೆ ಇವಾನ್‌ಸ್ಟನ್ ಬಿಟ್ಟ ಮೇಲೆ ವರ್ಲ್ ಮೈಕು ಹಿಡಿದು, ಮದುವೆಮನೆಯ ಹುಡುಗಿಯಂತೆ ನಗುತ್ತಾ ಎದ್ದುನಿಂತ. “ಇವತ್ತು ಸಿಸ್ಟರ್ ಬ್ಯಾಗ್ಲಿಗೆ ಒಂದು ಆಶ್ಚರ್ಯ ಇದೆ! ಒಂಬತ್ತು ದಿನ ಯಾರಿಗೋಸ್ಕರ ಪ್ರಾರ್ಥನೆ ಮಾಡಿದ್ವೋ, ಅವರನ್ನೇ ಮಾತಾಡಿಸೋಣ. ಫಾರಂನಲ್ಲಿ ಮನೆ ನಂಬರ್ ಇತ್ತು.”

ನೆಡ್ರಾ ಏಳಹೋದಳು. ಲರೂ ಅವಳ ತೊಡೆಯ ಮೇಲೆ ಕೈಯಿಟ್ಟು ಕೂರಿಸಿದಳು. “ನನ್ನ ಐಡಿಯಾನೇ!” ಎಂದು ಕಿವಿಯಲ್ಲಿ ಉಸುರಿದಳು. ಫೋನು ರಿಂಗಾಗುವುದು ಮೈಕಿನ ಮೂಲಕ ಬಸ್ಸಿನ ತುಂಬ ಕೇಳಿಸಿತು. ನಾಲ್ಕು ಸಲ. ಐದು ಸಲ. ಅವನು ತೋಟದಲ್ಲಿರಲಿ, ಎತ್ತದಿರಲಿ, ಎಂದುಕೊಂಡಳು.

“ಹಲೋ?”

“ಬ್ರದರ್ ಬ್ಯಾಗ್ಲಿ! ನಾನು ವರ್ಲ್ ಸ್ಟಾಟ್, ಬಸ್ಸಿಂದ.”

“ನೆಡ್ರಾಗೆ ಏನಾಯ್ತು?”

“ಅಯ್ಯೋ, ಏನೂ ಆಗಿಲ್ಲ, ಗುಂಡುಕಲ್ಲಿನ ಹಾಗಿದಾರೆ! ನಾವು ಕೇಳ್ಬೇಕಾಗಿರೋದು ನಿಮ್ಮನ್ನ. ಇಲ್ಲಿ ನಲವತ್ತೆರಡು ಜನ ಕೇಳಿಸ್ಕೊಳ್ತಿದಾರೆ. ಆಪರೇಷನ್ ಆದ ಮೊಣಕಾಲು ಹೇಗಿದೆ?”

ಮೈಕಿನಿಂದ ಏನೂ ಬರಲಿಲ್ಲ. ಹಿಂದೆಲ್ಲೋ ಅಡಿಗೆಮನೆಯ ಫ್ರಿಜ್ಜು ಗುಂಯ್‌ಗುಡುವುದು ಮಾತ್ರ ಕೇಳಿಸಿತು. ನೆಡ್ರಾಳಿಗೆ ಆ ಮೌನದ ಪರಿಚಯವಿತ್ತು. ಕೆಂಪು ಚೀಟಿ ಹೊರತೆಗೆಯುವ ಮುಂಚೆ ಅವನು ಹೀಗೇ ನಿಲ್ಲುತ್ತಿದ್ದ. ಅವಳು ಕಣ್ಣು ಮುಚ್ಚಿಕೊಂಡಳು.

“ಪರವಾಗಿಲ್ಲ,” ಎಂದ ಓರಿನ್. “ಮೆಟ್ಟಿಲು ಹತ್ತೋದೊಂದು ಸ್ವಲ್ಪ ಕಷ್ಟ.”

ಅವರ ಮನೆಯಲ್ಲಿ ಮೆಟ್ಟಿಲೇ ಇರಲಿಲ್ಲ.

“ಓಡಾಡ್ತೀರಾ?”

“ಕೋಲು ಹಿಡ್ಕೊಂಡು.”

ಬಸ್ಸಿನಲ್ಲಿ ಚಪ್ಪಾಳೆ. ಹಿಂದಿನ ಸೀಟಿನ ಮುದುಕ ಕನ್ನಡಕ ತೆಗೆದು ಒರೆಸಿಕೊಂಡ. ವರ್ಲ್ ಬಿಡುವವನಲ್ಲ. “ಹಾಗಾದ್ರೆ ಪ್ರಾರ್ಥನೆ ಫಲಿಸ್ತು ಅನ್ನಬಹುದಲ್ವಾ, ಬ್ರದರ್?”

“ಗುರುತು ಪರಿಚಯ ಇಲ್ಲದೋರು ಇಷ್ಟು ಜನ ನನ್ನ ನೆನೆಸ್ಕೊಂಡಿದೀರಿ,” ಎಂದ ಓರಿನ್ ನಿಧಾನವಾಗಿ. “ದೊಡ್ಡ ಮನಸ್ಸು ನಿಮ್ಮದು.” ಅದೊಂದು ಮಾತು ಮಾತ್ರ ಸುಳ್ಳಲ್ಲವೆಂದು ನೆಡ್ರಾಳಿಗೆ ಗೊತ್ತಾಯಿತು. ಮೈಕು ಕೈಯಿಂದ ಕೈಗೆ ದಾಟಿ ಅವಳ ಬಾಯಿಯ ಮುಂದೆ ಬಂತು.

“ಓರಿನ್,” ಎಂದಳು.

“ಸರಿಯಾಗಿ ಊಟ ಮಾಡ್ತಿದೀಯಾ?”

“ಹ್ಞೂ.”

“ಸರಿ.”

“ಮೂರು ಗಂಟೆಗೆ ಸ್ಮಾರಕದ ಹತ್ರ ಇಳೀತೀವಿ, ಆದ್ರೆ ಬನ್ನಿ!” ಎಂದು ವರ್ಲ್ ಕೂಗಿದ. ಮರುಕ್ಷಣ ಆ ಕಡೆ ಫೋನು ಇಟ್ಟ ಸದ್ದಾಯಿತು.

ಬಸ್ಸೆಲ್ಲ ಹಾಡು ಹೇಳತೊಡಗಿತು. ನೆಡ್ರಾ ಕಿಟಕಿಯ ಕಡೆ ತಿರುಗಿದಳು. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವಳೊಳಗೆ ಏನೋ ಹೊತ್ತಿಕೊಂಡಿತು. ಸಿಟ್ಟು, ಬರೀ ಸಿಟ್ಟು. ಒಂದು ಮೊಣಕಾಲಿಗೋಸ್ಕರ ಮೆಟ್ಟಿಲಿಲ್ಲದ ಮನೆಯಲ್ಲಿ ಮೆಟ್ಟಿಲು ಕಟ್ಟಬಲ್ಲವನು, ಅನಂತಕಾಲದ ಸಂಸಾರಕ್ಕೋಸ್ಕರ ‘ನನಗೆ ಗೊತ್ತು’ ಎಂಬ ಎರಡು ಪದ ಹೇಳಲಾರದೆ ಹೋದನೇ? ಬಾಯಿಗೆ ಬಂದ ಹಾಗೆ ಬೈಯಬೇಕೆನ್ನಿಸಿತು. ಆದರೆ ಗುಡ್ಡದ ತಿರುವುಗಳಲ್ಲಿ ಬಸ್ಸು ಇಳಿಯುತ್ತಾ ಇಳಿಯುತ್ತಾ ಆ ಸಿಟ್ಟೂ ಆರಿತು. ಮತ್ತೆ ಜೋಮು ಬಂದು ಕೂತಿತು.

ಕಣಿವೆಯ ಬಾಯಿಯಲ್ಲಿ, ಸ್ಮಾರಕದ ಹತ್ತಿರ ಬಸ್ಸು ನಿಂತಿತು. ಕೆಳಗೆ ಸಾಲ್ಟ್ ಲೇಕ್ ಊರು, ಅದರಾಚೆ ಬಿಸಿಲಿಗೆ ಹೊಳೆಯುವ ಉಪ್ಪಿನ ಸರೋವರ. ಹಿರಿಯರು ಇಲ್ಲಿ ನಿಂತು ಕಣ್ಣೀರಿಟ್ಟಿದ್ದರೆಂದು ವರ್ಲ್ ಹೇಳಿದ, ಎಲ್ಲರೂ ಕಣ್ಣೀರಿಟ್ಟರು. ನೆಡ್ರಾ ತನ್ನ ಪೆಟ್ಟಿಗೆ ಹುಡುಕಿ ಇಳಿಸಿಕೊಂಡಳು. ಲೋಗನ್ನಿನ ಬಸ್ಸಿಗೆ ಇನ್ನೂ ಎರಡು ಗಂಟೆಯಿತ್ತು.

“ಅಲ್ನೋಡ್ರೀ, ಅವರೇ ಅಲ್ವಾ!” ಎಂದು ಲರೂ ಚೀರಿದಳು.

ಕಾರು ನಿಲ್ಲಿಸುವ ಜಾಗದ ಆ ತುದಿಯಲ್ಲಿ ಓರಿನ್ ತನ್ನ ಹಳೆಯ ಬಿಳಿ ಕಾರಿಗೆ ಒರಗಿ ನಿಂತಿದ್ದ. ಕೈಯಲ್ಲಿ ಕೋಲಿತ್ತು. ಹಿತ್ತಿಲಿನ ಕಳೆಗುದ್ದಲಿಯ ಹಿಡಿ ಅದು, ಕಬ್ಬಿಣ ಬಿಚ್ಚಿ ತಂದಿದ್ದ. ಎಲ್ಲರೂ ಕೈಬೀಸಿದರು. ಅವನೂ ಬೀಸಿದ, ಆದರೆ ಒಂದು ಹೆಜ್ಜೆಯೂ ಮುಂದೆ ಇಡಲಿಲ್ಲ. ಪಾಪ, ನೋವಿರಬೇಕು, ಎಂದರು ಯಾರೋ. ನೆಡ್ರಾಳಿಗೆ ಥಟ್ಟನೆ ಹೊಳೆಯಿತು: ಯಾವ ಕಾಲು ಕುಂಟಬೇಕೆಂದು ಅವನಿಗೆ ಗೊತ್ತಿಲ್ಲ.

ಅವಳು ಪೆಟ್ಟಿಗೆ ಅಲ್ಲೇ ಬಿಟ್ಟು ಓಡಿದಳು. ಅರವತ್ತಾರರ ಹೆಂಗಸು, ಎಲ್ಲರಿಗಿಂತ ಮುಂದೆ. ಗಂಡನನ್ನು ನೋಡುವ ಆತುರ ಎಂದುಕೊಂಡು ಹಿಂದಿದ್ದವರು ನಕ್ಕರು. ಹತ್ತಿರ ಹೋಗಿ ಅವನ ಹೆಗಲ ಮೇಲೆ ಮುಖವಿಟ್ಟಳು.

“ಯಾವುದು?” ಎಂದ ಓರಿನ್, ತುಟಿ ಅಲುಗಿಸದೆ.

“ಬಲ.”

ಅವನು ಕೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿ, ಬಂದವರನ್ನು ಎದುರುಗೊಳ್ಳಲು ಕುಂಟುತ್ತಾ ಹೋದ. ಚೆನ್ನಾಗೇನೂ ಕುಂಟಲಿಲ್ಲ. ವರ್ಲ್ ಅವನ ಕೈ ಕುಲುಕಿದ. ಲರೂ ಅಪ್ಪಿಕೊಂಡು, “ಈ ಕಾಲಲ್ಲಿ ಅಷ್ಟು ದೂರದಿಂದ ಗಾಡಿ ಓಡಿಸ್ಕೊಂಡು ಬಂದ್ರಾ? ಗಂಡಸರಿಗೆ ಬುದ್ಧಿ ಯಾವಾಗ ಬರುತ್ತೋ!” ಎಂದು ಗದರಿದಳು. ಅವನು ಕಿವಿಯವರೆಗೆ ಕೆಂಪಾಗಿ, “ನಿಧಾನವಾಗಿ ಬಂದೆ,” ಎಂದ. ಒಬ್ಬೊಬ್ಬರಿಗೂ ಅವನು ಸುಳ್ಳು ಹೇಳುವುದನ್ನು ನೆಡ್ರಾ ನಿಂತು ಕೇಳಿದಳು.

ಬಸ್ಸು ಹೊರಟುಹೋಯಿತು. ಉಳಿದದ್ದು ಇಬ್ಬರು, ನಡುವೆ ಯಾರೋ ತಂದಿಟ್ಟ ಪೆಟ್ಟಿಗೆ. ಓರಿನ್ ಅದರ ಗಾತ್ರ ನೋಡಿದ.

“ಮರ್ಲಿನ್ ಮೊನ್ನೆ ಫೋನ್ ಮಾಡಿದ್ಲು,” ಎಂದ. “ನೀನು ಅಲ್ಲಿಗೆ ಹೋಗೋದು ನಂಗೆ ಗೊತ್ತಿದೆ ಅಂದ್ಕೊಂಡಿದ್ಲು, ಪಾಪ. ಬಸ್ ಸ್ಟ್ಯಾಂಡಿಗೆ ಬಿಡೋಣ ಅಂತಾನೇ ಬಂದೆ. ಇಷ್ಟು ಭಾರ ಎತ್ಕೊಂಡು ನೀನೊಬ್ಳೇ ಹೇಗೆ ಹೋಗ್ತೀಯ?”

ಇರು ಎನ್ನಲಿಲ್ಲ, ಹೋಗು ಎನ್ನಲಿಲ್ಲ. ನೆಡ್ರಾ ಅವನ ಕೈಯಲ್ಲಿದ್ದ ಗುದ್ದಲಿಯ ಹಿಡಿಯನ್ನು ನೋಡಿದಳು. ಅದರ ತುದಿಗೆ ನೆಲಕ್ಕೆ ಜಾರದಂತೆ ರಬ್ಬರಿನ ತುಂಡೊಂದನ್ನು ಅಳತೆಗೆ ಸರಿಯಾಗಿ ಕತ್ತರಿಸಿ ಕೂರಿಸಿದ್ದ. ಅವಳ ಅಂಗೈಯ ಬೊಬ್ಬೆ ಆಗ ಉರಿಯತೊಡಗಿತು.

“ಕೀ ಕೊಡು,” ಎಂದಳು.

“ಯಾಕೆ?”

“ಆ ಕಾಲಲ್ಲಿ ನೀನು ಮನೆವರೆಗೂ ಓಡಿಸ್ತೀಯಾ? ಕೊಡು ಇತ್ಲಾಗೆ.”

ಅವನು ಕೊಟ್ಟ. ಅವಳು ಪೆಟ್ಟಿಗೆಯನ್ನು ಹಿಂದಿನ ಸೀಟಿಗೆ ಹಾಕಿ, ಚಾಲಕನ ಸೀಟನ್ನು ಮುಂದಕ್ಕೆ ಎಳೆದುಕೊಂಡು, ಕನ್ನಡಿ ಸರಿಮಾಡಿಕೊಂಡು ಕಾದಳು. ಓರಿನ್ ಆಚೆ ಬದಿಯ ಬಾಗಿಲು ತೆರೆದು ಮೊದಲು ಕೂತ, ಆಮೇಲೆ ಬಲ ಮೊಣಕಾಲಿನ ಕೆಳಗೆ ಎರಡೂ ಕೈ ಕೊಟ್ಟು, ಮೆಲ್ಲಗೆ ಎತ್ತಿ ಒಳಗಿಟ್ಟುಕೊಂಡ. ಅಲ್ಲಿ ನೋಡುವವರು ಬೇರೆ ಯಾರೂ ಇರಲಿಲ್ಲ.