ಅರಗು ಒಣಗುವವರೆಗೆ

ಮಗಳು ಪೆಟ್ಟಿಗೆಯ ಮುಚ್ಚಳವನ್ನು ಅಂಗಳಕ್ಕೆ ಎಳೆದು, ಎರಡು ಸ್ಟೂಲಿನ ಮೇಲೆ ಅಡ್ಡ ಇಟ್ಟು, ಉಪ್ಪುಕಾಗದ ಹಿಡಿದು ಪರಪರ ಉಜ್ಜುತ್ತಿದ್ದಳು. ಒಳಗೆ ಹಜಾರದಲ್ಲಿ ಅಮ್ಮ ಮುಚ್ಚಳವಿಲ್ಲದ ಪೆಟ್ಟಿಗೆಯಲ್ಲಿ ಮಲಗಿದ್ದಳು. ಸುತ್ತ ಕೂತವರು ಅಳುವುದನ್ನು ಬಿಟ್ಟು ಕಿವಿ ನಿಮಿರಿಸಿದ್ದರು. ಸಾವಿನ ಮನೆಯಲ್ಲಿ ಇಂಥ ಸದ್ದನ್ನು ಯಾರೂ ಕೇಳಿರಲಿಲ್ಲ.

ಮಾವ ಹೊರಗೆ ಬಂದ. ಸತ್ತವಳ ಒಬ್ಬನೇ ತಮ್ಮ, ಮೇಜು ಕುರ್ಚಿ ಮಾಡುವ ಕಾರ್ಖಾನೆಯ ಯಜಮಾನ. ಪೆಟ್ಟಿಗೆ ಬಂದದ್ದೂ ಅಲ್ಲಿಂದಲೇ.

"ಏನೇ ಇದು? ಜನ ಕೂತಿದ್ದಾರೆ, ಗಾಡಿ ಬಾಗಿಲಲ್ಲಿ ನಿಂತಿದೆ. ನೀನು ನೋಡಿದ್ರೆ ಮುಚ್ಚಳ ಕೆರೀತಾ ಕೂತಿದ್ದೀಯಲ್ಲ!"

"ನಿಮ್ಮ ವಾರ್ನಿಶ್ ತೆಗೀತಿದ್ದೀನಿ ಮಾವ."

"ಅದಕ್ಕೇನಾಗಿತ್ತು? ಕನ್ನಡಿ ಥರ ಹೊಳೀತಿತ್ತು."

"ಹೊಳೀಲಿ. ಅಮ್ಮ ಅದರ ಕೆಳಗೆ ಮಲಗಲ್ಲ. ಅರಗಿನ ಪಾಲಿಶ್ ಹೊಡೀತೀನಿ."

ಮಾವ ತಲೆಯೆತ್ತಿ ಆಕಾಶ ನೋಡಿದ. "ಮೋಡ ಹಾಕಿದೆ. ಈ ಥಂಡೀಲಿ ಅರಗು ಬೆಳ್ಳಗೆ ಬೂದಿ ಹಿಡಿಯುತ್ತೆ. ಅಷ್ಟೂ ಗೊತ್ತಿಲ್ವಾ?"

"ಗೊತ್ತು. ಕಲಿಸಿದವಳು ಒಳಗಿದ್ದಾಳೆ."

ಕಿಟಕಿಯಲ್ಲಿ ನಿಂತ ದೊಡ್ಡಮ್ಮ ಮೂಗು ಒರೆಸಿಕೊಂಡಳು. "ತಾಯಿಯಂತೆ ಮಗಳು. ಅವಳ ಮೊಂಡು ಪೆಟ್ಟಿಗೆಯೊಳಗೆ ಹೋಯ್ತು ಅಂದ್ಕೊಂಡಿದ್ದೆ. ಇಲ್ಲೇ ಇದೆ."

*

ಅದೇ ಕಾರ್ಖಾನೆಯಲ್ಲಿ ಪಾಲಿಶ್ ಕೋಣೆ ಅಮ್ಮನ ರಾಜ್ಯವಾಗಿತ್ತು. ಅರಗಿನ ಚೂರನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಸಿಂಪಡಿಸುವ ಗನ್ನಿಗೆ ತುಂಬುವವಳು ಅವಳೇ. ಗನ್ನಿನ ಕುದುರೆಯನ್ನು ಮರದ ಅಂಚಿಗಿಂತ ಆಚೆಯೇ ಒತ್ತಬೇಕು, ಆ ಕಡೆಯ ಅಂಚು ದಾಟಿದ ಮೇಲೇ ಬಿಡಬೇಕು. ನಡುವೆ ಕೈ ತಡೆದರೆ ಅಲ್ಲೇ ಸೋರಿತು ಅನ್ನಿ. ಯಾರಾದರೂ ಬಾಗಿಲಿಗೆ ಬಂದರೆ ತಿರುಗಿ ಕೂಡ ನೋಡದೆ, "ಕೈ ಹಿಂದೆ!" ಎಂದು ಗದರುತ್ತಿದ್ದಳು. ಯಜಮಾನನಿರಲಿ, ಗಿರಾಕಿಯಿರಲಿ, ಕೈ ಬೆನ್ನ ಹಿಂದೆ ಕಟ್ಟಿಕೊಂಡೇ ಒಳಗೆ ಬರಬೇಕು. ಹಸಿ ಪಾಲಿಶ್ ಕಂಡರೆ ಮುಟ್ಟಿ ನೋಡದ ಮನುಷ್ಯ ಇನ್ನೂ ಹುಟ್ಟಿಲ್ಲ ಎನ್ನುವುದು ಅವಳ ಸಿದ್ಧಾಂತ. ಕೆಲಸಗಾರರು ಅವಳಿಗೆ ಕೈಹಿಂದಕ್ಕ ಎಂದೇ ಹೆಸರಿಟ್ಟಿದ್ದರು.

ಒಂದು ದಿನ ಲಾರಿ ಬಂದು ನಿಂತಿತ್ತು. ತಮ್ಮ ಅವಸರ ತಡೆಯಲಾರದೆ, ಒಣಗದ ಊಟದ ಮೇಜನ್ನು ತಾನೇ ಎತ್ತಿದ. ಐದು ಬೆರಳೂ ಮೂಡಿದವು.

"ಯಾರಿಗೂ ಕಾಣಲ್ಲ ಬಿಡಕ್ಕ."

"ನನಗೆ ಕಾಣುತ್ತಲ್ಲ."

ಗಿರಾಕಿಯ ಕಣ್ಣೆದುರೇ ಅವಳು ಸ್ಪಿರಿಟ್ಟಿನ ಬಟ್ಟೆ ತಗೊಂಡು ಇಡೀ ಮೇಜನ್ನು ಒರೆಸಿ ಬರಿಮೈ ಮಾಡಿಬಿಟ್ಟಳು. "ನಾಳೆ ಬನ್ನಿ," ಎಂದಳು. ಲಾರಿ ಖಾಲಿ ಹೋಯಿತು. ಸ್ವಲ್ಪ ದಿನಕ್ಕೆ ಕಾರ್ಖಾನೆಗೆ ವಾರ್ನಿಶ್ ಡಬ್ಬಗಳು ಬಂದವು, ಪಾಲಿಶ್ ಕೋಣೆಗೆ ಹೊಸ ಕೆಲಸಗಾರರು ಬಂದರು.

"ಅರಗಿನ ಕಾಲ ಮುಗೀತಕ್ಕ. ಆಫೀಸಲ್ಲಿ ನಿನಗೊಂದು ಕುರ್ಚಿ ಹಾಕಿಸಿದ್ದೀನಿ, ಆರಾಮಾಗಿ ಕೂತ್ಕೋ."

"ಕುರ್ಚಿಗೆ ಯಾವ ಪಾಲಿಶ್ ಹೊಡೆಸಿದ್ದೀಯ?"

ಉತ್ತರಕ್ಕೆ ಕಾಯದೆ ಅವಳು ತನ್ನ ಗನ್ನನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮನೆಗೆ ನಡೆದಳು. ಆಮೇಲೆ ಸಾಯುವವರೆಗೂ ಹಿತ್ತಲ ಶೆಡ್ಡಿನಲ್ಲಿ ಜನರ ಬಾಗಿಲು, ಮಂಚ, ತೊಟ್ಟಿಲುಗಳಿಗೆ ಅರಗು ಹೊಡೆದಳು. ಆ ಕಾರ್ಖಾನೆಯ ಹೊಸ್ತಿಲು ಮತ್ತೆ ತುಳಿಯಲಿಲ್ಲ.

*

ಹಿತ್ತಲ ಶೆಡ್ಡಿಂದ ತಂದ, ಅಮ್ಮನ ಗನ್ನಿಗೆ ಗಾಳಿ ಊದುವ ಕಂಪ್ರೆಸರ್ ಗಡಗಡ ಎಂದಾಗ ಹಜಾರದಲ್ಲಿ ಕೂತವರೆಲ್ಲ ಎದ್ದು ಅಂಗಳಕ್ಕೆ ಬಂದರು. ಮಗಳು ಯಾರನ್ನೂ ನೋಡಲಿಲ್ಲ. ಅಂಚಿಗಿಂತ ಆಚೆ ಕುದುರೆ ಒತ್ತಿದಳು, ಮುಚ್ಚಳದುದ್ದಕ್ಕೂ ಕೈ ಸಮವಾಗಿ ಓಡಿಸಿದಳು, ಅಂಚು ದಾಟಿ ಬಿಟ್ಟಳು. ಕೈ ಎಲ್ಲೂ ತಡೆಯಲಿಲ್ಲ. ಆದರೆ ಕೊನೆಯ ಸಾಲು ಮುಗಿಯುವಷ್ಟರಲ್ಲಿ ಮೊದಲ ಸಾಲು ಮಂಜು ಕವಿದಂತೆ ಬೆಳ್ಳಗಾಯಿತು.

"ನಾನು ಬಡ್ಕೊಂಡೆ!" ಎಂದ ಮಾವ. "ಬೂದಿ ಹಿಡೀತಲ್ಲ! ಈಗ ಇದನ್ನೇ ಮುಚ್ಚಿ ಕಳಿಸ್ತೀಯಾ?"

ಅವಳಿಗೆ ಅಳು ನುಗ್ಗಿ ಬಂತು. ಬೆಳಗಿನಿಂದ ಬಾರದ ಅಳು ಈಗ ಬಂದದ್ದು ಮಾವನ ಮಾತು ನಿಜವಾಯಿತಲ್ಲ ಎಂಬ ಸಿಟ್ಟಿಗೆ. ತೋಳಲ್ಲಿ ಕಣ್ಣು ಒರೆಸಿಕೊಂಡಳು. ಗನ್ನಿನ ಬಟ್ಟಲು ಖಾಲಿ ಮಾಡಿ, ಬರೀ ಸ್ಪಿರಿಟ್ ತುಂಬಿ, ದೂರದಿಂದ ಮುಚ್ಚಳದ ಮೇಲೆ ತೆಳ್ಳಗೆ ತೇಲಿಸಿದಳು. ಎಲ್ಲರೂ ನೋಡುತ್ತಿದ್ದ ಹಾಗೇ ಬಿಳುಪು ಕರಗಿತು. ಕೆಳಗಿಂದ ಮರ ತನ್ನ ಜೇನಿನ ಬಣ್ಣ ತೋರಿಸಿತು.

"ಅಯ್ಯೋ, ಎಷ್ಟು ಚೆನ್ನಾಗಿದೆ," ಎಂದಳು ದೊಡ್ಡಮ್ಮ.

ಗಾಡಿಯವನು ಹಾರ್ನ್ ಹೊಡೆದು ಹೊಡೆದು ಸಾಕಾಗಿ ಇಳಿದು ಬಂದ. "ಇನ್ನೆಷ್ಟು ಹೊತ್ತು?"

"ಒಣಗೋವರೆಗೆ," ಎಂದಳು ಮಗಳು.

"ಒಣಗಿದೆ, ಸಾಕು ಬಾ. ಒಂದು ಕಡೆ ನೀನು ಹಿಡಿ," ಎನ್ನುತ್ತ ಮಾವ ಮುಚ್ಚಳಕ್ಕೆ ಕೈ ಚಾಚಿದ.

"ಕೈ ಹಿಂದೆ!"

ಮಗಳ ಗಂಟಲಿಂದ ಹೊರಟದ್ದು ಅಮ್ಮನದೇ ದನಿ. ಬಾಗಿಲಲ್ಲಿ ನಿಂತಿದ್ದ ಕಾರ್ಖಾನೆಯ ಮುದಿ ಬಡಗಿಯ ಎರಡೂ ಕೈ ತಾವಾಗಿಯೇ ಬೆನ್ನ ಹಿಂದೆ ಹೋದವು. ಅವನನ್ನು ನೋಡಿ ಅವನ ಹೆಂಡತಿ ನಗುತ್ತ, ಅಳುತ್ತ ತಾನೂ ಕಟ್ಟಿಕೊಂಡಳು. ಆಮೇಲೆ ದೊಡ್ಡಮ್ಮ, ನೆರೆಯವರು. ಏನೊಂದೂ ಗೊತ್ತಿಲ್ಲದ ಗಾಡಿಯವನೂ ಕೈ ಹಿಂದೆ ಕಟ್ಟಿ ನಿಂತ.

ಮಾವನ ಕೈ ಮುಚ್ಚಳದ ಮೇಲೆ ಗಾಳಿಯಲ್ಲೇ ನಿಂತಿತ್ತು. ಹಸಿ ಅರಗಿನಲ್ಲಿ ಅದರ ಬಿಂಬ ಕಾಣುತ್ತಿತ್ತು. ಮಗಳು ಗನ್ ಕೆಳಗಿಡಲಿಲ್ಲ.

ಅವನು ಕೈ ಎಳೆದುಕೊಂಡ. ಹಜಾರದ ಕಡೆ ಒಂದು ಸಲ ನೋಡಿ, ಉಳಿದವರ ಸಾಲಿಗೆ ಹೋಗಿ ನಿಂತ. ಬೆನ್ನ ಹಿಂದೆ ಒಂದು ಕೈಯ ಐದು ಬೆರಳು ಇನ್ನೊಂದರ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದ್ದವು.