ಓವರ್‌ಟೈಮ್ ಬಿಟ್ಟ ಮೇಲಿನ ಲೆಕ್ಕ

ಮಗಳು ಫ್ರಿಜ್ಜಿನ ಮುಂದೆ ಕೈಕಟ್ಟಿ ನಿಂತು, "ಅಮ್ಮಾ, ನೀರಿನ ಬಾಟ್ಲಿ ತಗೋಬಹುದಾ?" ಎಂದು ಕೇಳಿದ ಭಾನುವಾರವೇ ಆಕಾಶಮ್ಮ ಓವರ್‌ಟೈಮಿಗೆ ಎಳ್ಳುನೀರು ಬಿಡುವುದೆಂದು ತೀರ್ಮಾನಿಸಿದಳು.

ಆಕಾಶಮ್ಮ ಎಂಬುದು ಹೆತ್ತವರು ಇಟ್ಟದ್ದಲ್ಲ, ಕೆಲಸದ ಜಾಗದಲ್ಲಿ ಕಟ್ಟಿದ್ದು. ಬಹುಮಹಡಿ ಕಟ್ಟಡಗಳ ನೆತ್ತಿಯ ಮೇಲೆ ನಿಲ್ಲುವ ಕ್ರೇನಿನ ಗಾಜಿನ ಗೂಡಿನಲ್ಲಿ ಕೂತು, ಕಬ್ಬಿಣದ ತೊಲೆಗಳನ್ನು ಎತ್ತಿ ಇಳಿಸುವುದು ಅವಳ ಕೆಲಸ. ಕೆಳಗಿನವರಿಗೆ ಅವಳು ಕಾಣುವುದು ಕಡಿಮೆ, ರೇಡಿಯೋದಲ್ಲಿ ಬೈಗುಳ ಕೇಳುವುದೇ ಹೆಚ್ಚು. ಮೇಲಿಂದ ಬೈಸಿಕೊಂಡವರು ಯಾರೋ ಆಕಾಶವಾಣಿ ಎಂದು ಶುರುಮಾಡಿ, ಅದು ಸವೆದು ಆಕಾಶಮ್ಮನಾಗಿ ಉಳಿಯಿತು.

ಮಗಳಿಗೂ ಒಂದು ಅಡ್ಡಹೆಸರಿದೆ, ಪಿಟೀಲು. ಕಣ್ಣು ಬಿಟ್ಟಾಗಿನಿಂದ ಕಣ್ಣು ಮುಚ್ಚುವ ತನಕ ಒಂದೇ ಸಮನೆ ಕುಯ್ಯುವ ಹುಡುಗಿ. ಅಂಥ ಹುಡುಗಿ ಈಗ ತಾಯಿಯ ಮನೆಗೆ ಬಂದರೆ ಸೋಫಾದ ತುದಿಯಲ್ಲಿ ಕೂರುತ್ತಾಳೆ, ಚಪ್ಪಲಿಯನ್ನು ಜೋಡಿಸಿ ಇಡುತ್ತಾಳೆ, ನೀರು ಕುಡಿಯಲು ಅಪ್ಪಣೆ ಕೇಳುತ್ತಾಳೆ. ಒಂಬತ್ತು ವರ್ಷಕ್ಕೇ ಇಷ್ಟು ಮರ್ಯಾದೆ ಕಲಿತರೆ ಯಾವ ತಾಯಿಯಾದರೂ ಹಿಗ್ಗಬೇಕು. ಆಕಾಶಮ್ಮ ಹಿಗ್ಗಲಿಲ್ಲ. ಮಗಳು ನೆಂಟಳಾಗಿಬಿಟ್ಟಿದ್ದಳು.

ಇದು ಹೇಗಾಯಿತು ಎಂದು ಅವಳು ಬೇರೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಗಂಡ ಹೆಂಡತಿ ಬೇರೆಯಾದಾಗ ಮಗು ಅಪ್ಪನ ಹತ್ತಿರ ಇರುವುದೆಂದೂ, ಕೆಲಸದ ಸಂಬಳ ಹೆಚ್ಚಿರುವ ತಾಯಿ ತಿಂಗಳು ತಿಂಗಳು ಮಗುವಿನ ಖರ್ಚಿಗೆ ಹಣ ಕೊಡುವುದೆಂದೂ ತೀರ್ಮಾನವಾಗಿತ್ತು. ಎಷ್ಟು ಕೊಡಬೇಕೆಂಬುದನ್ನು ಜೀವನಾಂಶದ ಕಚೇರಿ ಎರಡೇ ವಿಷಯ ನೋಡಿ ಹೇಳುತ್ತದೆ. ವರ್ಷದ ದುಡಿಮೆ ಎಷ್ಟು, ಮಗು ಯಾರ ಮನೆಯಲ್ಲಿ ಎಷ್ಟು ರಾತ್ರಿ ಮಲಗಿತು. ದುಡಿಮೆ ಹೆಚ್ಚಾದರೆ ಹಣ ಹೆಚ್ಚು, ಹಣ ಕೊಡುವವರ ಮನೆಯ ರಾತ್ರಿ ಕಡಿಮೆಯಾದರೂ ಹಣ ಹೆಚ್ಚು. ಮೊದಲ ವರ್ಷ ಆ ಮೊತ್ತ ಕೈ ಕಚ್ಚಿತೆಂದು ಅವಳು ಓವರ್‌ಟೈಮಿಗೆ ಹೆಸರು ಕೊಟ್ಟಳು. ಓವರ್‌ಟೈಮಿನಿಂದ ಸಂಬಳ ಏರಿತು, ಹೆಚ್ಚಿನ ವಾರದ ಕೊನೆಗಳು ಹೋದವು, ಮಗಳ ರಾತ್ರಿಗಳು ಹೋದವು. ಮರುವರ್ಷ ಕಚೇರಿಯವರು ಮೊತ್ತ ಏರಿಸಿದರು. ಏರಿದ್ದನ್ನು ತುಂಬಲು ಅವಳು ಮತ್ತಷ್ಟು ಓವರ್‌ಟೈಮ್ ಮಾಡಿದಳು. ತನ್ನ ಬಾಲ ತಾನೇ ಹಿಡಿಯಲು ಹೋದ ನಾಯಿಯೂ ಒಂದು ಸುತ್ತು ಆದಮೇಲೆ ನಿಂತು ಯೋಚಿಸುತ್ತದೆ, ಇವಳು ಎರಡು ವರ್ಷ ಸುತ್ತಿದ್ದಳು. ಈಗ ಮೂರನೆಯ ವರ್ಷದ ಲೆಕ್ಕಕ್ಕೆ ಕಚೇರಿಯಿಂದ ಕರೆ ಬಂದಿತ್ತು.

ಸೋಮವಾರ ಬೆಳಿಗ್ಗೆ ಏಣಿ ಹತ್ತುವ ಮೊದಲು ಅವಳು ಮೇಸ್ತ್ರಿಯನ್ನು ಹಿಡಿದಳು.

"ಮುಂದಿನ ತಿಂಗಳಿಂದ ನನಗೆ ಬರೀ ಹಗಲು ಪಾಳಿ. ಓವರ್‌ಟೈಮ್ ಬೇಡ."

ಮೇಸ್ತ್ರಿ ಹೆಲ್ಮೆಟ್ ಹಿಂದಕ್ಕೆ ಸರಿಸಿ ಅವಳನ್ನು ನೋಡಿದ. "ಹುಷಾರಾಗಿದ್ದೀಯಾ ತಾನೆ? ಒಂದ್ಸಲ ಹೆಸರು ತೆಗೆದ್ರೆ ವಾಪಸ್ ಹಾಕೋಕಾಗಲ್ಲ. ಸಾಲಲ್ಲಿ ಎಷ್ಟು ಜನ ಕಾಯ್ತಿದ್ದಾರೆ ಗೊತ್ತಾ?"

"ಅವರಿಗೇ ಕೊಡು. ನನ್ನ ಹೆಸರು ತೆಗಿ."

ಸಂಜೆ ಅಕ್ಕನಿಗೆ ಫೋನ್ ಮಾಡಿ ಹೇಳಿದಳು. ಅಕ್ಕ ಚಪ್ಪಾಳೆ ತಟ್ಟುವುದೊಂದು ಬಾಕಿ. "ಜಾಣೆ ಕಣೇ ನೀನು! ಸಂಬಳ ಇಳಿಸ್ಕೋ, ರಾತ್ರಿ ಏರಿಸ್ಕೋ, ಅವನಿಗೆ ಚಿಪ್ಪು. ನಮ್ಮ ಯಜಮಾನ್ರ ತಮ್ಮಾನೂ ಹೀಗೇ ಮಾಡಿದ್ದು."

ಆಕಾಶಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ತಾನು ಮಾಡುತ್ತಿರುವುದು ಒಂದು, ಅದು ಕಾಣುವುದು ಇನ್ನೊಂದು. ಒಡಹುಟ್ಟಿದವಳಿಗೇ ಹೀಗೆ ಕಂಡರೆ ಮಗಳ ಅಪ್ಪನಿಗೆ ಹೇಗೆ ಕಾಣಬಹುದು?

ಅವನಿಗೆ ಅಕ್ಕನಿಗಿಂತ ಚೆನ್ನಾಗಿಯೇ ಕಂಡಿತ್ತು. ಶುಕ್ರವಾರ ಮಗಳನ್ನು ಕರೆದೊಯ್ಯಲು ಅವನ ಸೋಫಾ ರಿಪೇರಿ ಅಂಗಡಿಗೆ ಹೋದಾಗ ಅವನು ಒಂದು ಹಳೆಯ ಸೋಫಾದ ಹೊಟ್ಟೆ ಬಗೆದುಕೊಂಡು ಕೂತಿದ್ದ. ಸುತ್ತ ಸ್ಪ್ರಿಂಗು, ಫೋಮು, ಹರಿದ ಬಟ್ಟೆ. ತುಟಿಗಳ ನಡುವೆ ಸಣ್ಣ ಮೊಳೆಗಳ ಸಾಲು. ಹತ್ತು ವರ್ಷದ ಸಂಸಾರದಲ್ಲಿ ಅವಳು ಆಡಿದ ಜಗಳಗಳಲ್ಲಿ ಅರ್ಧ ಈ ಮೊಳೆಗಳ ಜೊತೆಗೇ ಆಗಿತ್ತು. ಮಾತಾಡಬೇಕಾದಾಗೆಲ್ಲ ಬಾಯಿ ತುಂಬ ಮೊಳೆ ಇಟ್ಟುಕೊಳ್ಳುವವನ ಜೊತೆ ಜಗಳವಾದರೂ ಹೇಗೆ ಆಡುವುದು? ಅವಳು ಮನಸ್ಸಿನಲ್ಲಿ ಅವನನ್ನು ಮೊಳೆಬಾಯಿ ಎಂದೇ ಕರೆಯುತ್ತಿದ್ದಳು.

ಈ ಸಲ ಅವನು ಮೊಳೆಗಳನ್ನು ಅಂಗೈಗೆ ಉಗುಳಿದ. ಅವಳ ಕಿವಿ ನೆಟ್ಟಗಾಯಿತು.

"ಓವರ್‌ಟೈಮ್ ಬಿಟ್ಟೆಯಂತೆ."

"ಯಾರು ಹೇಳಿದ್ರು?"

"ಯಾರೋ ಹೇಳಿದ್ರು. ಲೆಕ್ಕ ಹಾಕೋ ತಿಂಗಳಲ್ಲೇ ಬಿಡಬೇಕಾಗಿತ್ತಾ? ನಾನೇನು ಕಿವಿಗೆ ಹೂ ಇಟ್ಕೊಂಡಿದ್ದೀನಾ? ನಿನಗೆ ಮಗಳೂ ಬೇಕು, ದುಡ್ಡೂ ಉಳೀಬೇಕು."

"ದುಡ್ಡಿನ ಮಾತು ಬಿಡು. ಅವಳು ನನ್ನ ಮನೇಲಿ ಫ್ರಿಜ್ ತೆಗಿಯೋಕೆ ನನ್ನ ಪರ್ಮಿಷನ್ ಕೇಳ್ತಾಳೆ."

ಅವನು ಎದ್ದು ಅಂಗಡಿಯ ಹಿಂದಿನ ಬಾಗಿಲು ತೆರೆದು, "ಬಾ ಇಲ್ಲಿ" ಎಂದ. ಹಿಂದೆ ಅವನೂ ಮಗಳೂ ಇರುವ ಮನೆ, ಅದರ ಪಕ್ಕಕ್ಕೆ ಕಳೆದ ವರ್ಷ ಬಾಡಿಗೆಗೆ ಸೇರಿಸಿಕೊಂಡ ಚಿಕ್ಕ ಕೋಣೆ. ಕಿಟಕಿಯ ಕೆಳಗೆ ಅವನೇ ಮಾಡಿದ ಮಂಚ, ಬೆನ್ನಿಗೆ ಹಸಿರು ವೆಲ್ವೆಟ್ ಹೊಡೆದು ಗುಂಡಿ ಕೂರಿಸಿದ್ದಾನೆ. ಗೋಡೆ ತುಂಬ ಪಿಟೀಲಿನ ಚಿತ್ರಗಳು. ಒಂದರಲ್ಲಿ ಕ್ರೇನು, ಅದರ ತುದಿಯಲ್ಲಿ ಒಂದು ಚುಕ್ಕೆ.

"ಇದರ ಬಾಡಿಗೆ ನಿನ್ನ ದುಡ್ಡಿಂದ ಹೋಗುತ್ತೆ. ಸುಳ್ಳು ಹೇಳಲ್ಲ. ಅದು ಅರ್ಧ ಆದ್ರೆ ಈ ರೂಮು ಬಿಡಬೇಕು. ಅವಳನ್ನ ಎಲ್ಲಿ ಮಲಗಿಸ್ಲಿ, ಆ ಸ್ಪ್ರಿಂಗುಗಳ ಮಧ್ಯೆನಾ? ಮಂಗಳವಾರ ಆಫೀಸಲ್ಲಿ ಹೇಳ್ತೀನಿ ನೋಡು. ಬೇಕೂ ಅಂತ ಸಂಬಳ ಇಳಿಸಿಕೊಂಡವರಿಗೆ ಹಳೇ ಸಂಬಳದ ಮೇಲೇ ಲೆಕ್ಕ ಹಾಕ್ತಾರಂತೆ."

ಅಷ್ಟರಲ್ಲಿ ಪಿಟೀಲು ಚೀಲ ಹೊತ್ತು ಬಂದಳು. ಇಬ್ಬರ ಮುಖವನ್ನೂ ನೋಡಿ, "ಹೋಗೋಣ್ವಾ ಅಮ್ಮಾ?" ಎಂದು ಬಹಳ ಮೆಲ್ಲಗೆ ಕೇಳಿದಳು. ದಾರಿಯುದ್ದಕ್ಕೂ ಕುಯ್ಯದ ಪಿಟೀಲನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಕಾರು ಓಡಿಸುವುದು ಆಕಾಶಮ್ಮನಿಗೆ ಯಾವ ತೊಲೆ ಎತ್ತಿದ್ದಕ್ಕಿಂತಲೂ ಕಷ್ಟವಾಯಿತು. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದೇ ಅವಳಿಗೆ ಸಿಟ್ಟು. ಆದರೂ ಪಟ್ಟು ಸಡಿಲಿಸುವ ಮಾತೇ ಇಲ್ಲ ಎಂದು ಹಲ್ಲು ಕಚ್ಚಿದಳು. ರೂಮೂ ಉಳಿಯಬೇಕು, ರಾತ್ರಿಗಳೂ ಬೇಕು. ಅದು ಹೇಗೆ ಎಂಬುದನ್ನು ಮಂಗಳವಾರದ ತನಕ ಕೂತಲ್ಲಿ ನಿಂತಲ್ಲಿ ಯೋಚಿಸಿದಳು.

ಮಂಗಳವಾರ ಕಚೇರಿಯಲ್ಲಿ ಅವರ ಪಾಲಿಗೆ ಬಂದವರು ತಣ್ಣಗಿನ ದನಿಯ, ದಪ್ಪ ಕನ್ನಡಕದ ಒಬ್ಬ ಹೆಂಗಸು. ಗೋಡೆಗೆ ಆನಿಸಿದ ಮೇಜು, ಒಂದು ಕಂಪ್ಯೂಟರ್, ಮೂರು ಕುರ್ಚಿ, ಅಳುವವರಿಗೆಂದು ಒಂದು ಕಾಗದದ ಕರವಸ್ತ್ರದ ಡಬ್ಬ. ಡಬ್ಬ ಖಾಲಿಯಾಗಿತ್ತು.

ಮೊದಲು ಅವನು ಕೇಳಿದ ಹಾಗೆ ಹೋದ ವರ್ಷದ ಸಂಬಳ, ಹೋದ ವರ್ಷದ ರಾತ್ರಿಗಳನ್ನು ತುಂಬಿದರು. ಮೊತ್ತ ಇನ್ನಷ್ಟು ಏರಿತು. ಅದೇ ಖಾಯಂ ಆದರೆ ಆಕಾಶಮ್ಮ ಮೇಸ್ತ್ರಿಯ ಕಾಲು ಹಿಡಿದು ಓವರ್‌ಟೈಮಿಗೆ ವಾಪಸಾಗಬೇಕು. ಆಮೇಲೆ ಇವಳು ಕೇಳಿದ ಹಾಗೆ ಹೊಸ ಸಂಬಳ ತುಂಬಿದರು, ಪ್ರತಿ ಬುಧವಾರ ಗುರುವಾರದ ರಾತ್ರಿಗಳನ್ನೂ ವಾರದ ಕೊನೆಗಳನ್ನೂ ಸೇರಿಸಿದರು. ಮೊತ್ತ ಈಗಿರುವುದರ ಅರ್ಧಕ್ಕೆ ಬಂದು ಕೂತಿತು. ಅಧಿಕಾರಿ ಪರದೆಯನ್ನು ಅವರ ಕಡೆ ತಿರುಗಿಸಿದರು.

ಮೊಳೆಬಾಯಿ, ತುಟಿಗಳ ನಡುವೆ ಮೊಳೆ ಇದ್ದವನ ಹಾಗೆಯೇ, ಪರದೆಗೆ ಬಗ್ಗಿ ಅಂಕಿಯನ್ನು ಎರಡು ಸಲ ಓದಿದ. ಕಿವಿಯ ತುದಿ ಕೆಂಪಾಯಿತು. ಆಕಾಶಮ್ಮನಿಗೆ ಒಂದು ಗಳಿಗೆ ಗೆದ್ದೆನೆಂಬ ಖುಷಿ ಬಂದದ್ದು ನಿಜ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಹಿಂದೆಯೇ ಆ ಹಸಿರು ವೆಲ್ವೆಟ್ಟಿನ ಮಂಚ ಕಣ್ಣ ಮುಂದೆ ಬಂತು.

"ಮೇಡಂ, ರಾತ್ರಿಗಳು ಈ ಲೆಕ್ಕದ್ದೇ ಇರಲಿ. ದುಡ್ಡು ಮಾತ್ರ ಈಗ ಎಷ್ಟು ಕೊಡ್ತಿದ್ದೀನೋ ಅಷ್ಟೇ ಕೊಡ್ತೀನಿ," ಎಂದಳು.

ಅಧಿಕಾರಿ ಕನ್ನಡಕದ ಮೇಲಿಂದ ನೋಡಿದರು. "ಕಾನೂನು ಕೇಳದೇ ಇರೋ ದುಡ್ಡನ್ನ ನೀವ್ಯಾಕೆ ಕೊಡ್ತೀರಿ?"

"ಮಗಳ ರೂಮು ಹೋಗಬಾರದು. ಕಾರು ಮಾರ್ತೀನಿ, ಬಸ್ಸಲ್ಲಿ ಓಡಾಡ್ತೀನಿ. ಕ್ರೇನು ಹತ್ತೋಕೆ ಕಾರು ಬೇಕಾಗಿಲ್ಲ."

"ಬೇಡ," ಎಂದ ಅವನು.

ಇಬ್ಬರೂ ಅವನ ಕಡೆ ತಿರುಗಿದರು.

"ಬೇಡ ಮೇಡಂ. ಅಷ್ಟು ಕೊಟ್ಟುಬಿಟ್ರೆ ಮಗು ಇವಳ ಮನೇಲಿ ಇರೋ ದಿನ ಏನು ತಿನ್ನುತ್ತೆ? ಇವಳ ಹಠಾನಾ?" ಅವನ ದನಿ ಏರಿತು. "ಅಲ್ಲೂ ಇರೋದು ನನ್ನ ಮಗಳೇ. ಈ ಮೆಷಿನ್ ಹೇಳಿದ್ದು ಕೊಡ್ಲಿ, ರೂಮಿನ ಬಾಡಿಗೇಲಿ ಅರ್ಧ ಕೊಡ್ಲಿ. ಅದರ ಮೇಲೆ ಒಂದು ಕಾಸೂ ನಾನು ಮುಟ್ಟಲ್ಲ."

"ಉಳಿದರ್ಧ ಎಲ್ಲಿಂದ ತರ್ತೀಯ ನೀನು? ತಿಂಗಳಿಗೆ ನಾಲ್ಕು ಸೋಫಾ ಬಂದ್ರೆ ಹೆಚ್ಚು."

"ಐದನೇದು ಮಾಡ್ತೀನಿ. ಸುತ್ತಿಗೆ ನನ್ನ ಕೈಲೇ ಇದೆ."

"ರಾತ್ರಿಯೆಲ್ಲ ಮೊಳೆ ಹೊಡ್ಕೊಂಡು ಕೂತ್ರೆ ಅವಳು ನಿದ್ದೆ ಮಾಡೋದು ಬೇಡ್ವಾ?"

"ಅದಕ್ಕೇ ತಾನೇ ಬುಧವಾರ ಗುರುವಾರ ನೀನು ಕರ್ಕೊಂಡು ಹೋಗೋದು!"

ಅಧಿಕಾರಿ ಪೆನ್ನಿನಿಂದ ಮೇಜಿನ ಮೇಲೆ ಬಡಿದರು. "ಸ್ವಲ್ಪ ನಿಲ್ಲಿಸ್ತೀರಾ? ಕಮ್ಮಿ ಕೊಡ್ತೀನಿ, ಜಾಸ್ತಿ ಬೇಕು ಅಂತ ಕಿತ್ತಾಡೋರನ್ನ ದಿನಾ ನೋಡ್ತೀನಿ. ನೀವು ತಿರುವುಮುರುವಾಗಿ ಕಿತ್ತಾಡ್ತಿದ್ದೀರ. ಬರ್ಕೊಳ್ಳಲಾ ಬೇಡ್ವಾ?"

ಬರೆದುಕೊಂಡರು. ಇಬ್ಬರೂ ಸಹಿ ಹಾಕಿದರು.

ಇದರಿಂದ ಇಬ್ಬರ ಮನಸ್ಸು ಕರಗಿ ಮತ್ತೆ ಒಂದಾದರೆಂದು ಯಾರಾದರೂ ಅಂದುಕೊಂಡರೆ ಅದು ಅವರವರ ಕರ್ಮ. ಮೆಟ್ಟಿಲಿಳಿಯುವಾಗಲೇ ಶಾಲೆಯ ಶೂ ಯಾರು ಕೊಡಿಸಬೇಕೆಂದು ಮತ್ತೆ ಹತ್ತಿಕೊಂಡಿತು. ಶೂ ವಿಷಯ ಕಾಗದದಲ್ಲಿ ಬರೆಸಲು ಇಬ್ಬರೂ ಮರೆತಿದ್ದರು. ರಸ್ತೆಗೆ ಬಂದ ಮೇಲೆ ಅವನು ನಿಂತ.

"ಬುಧವಾರ ಗುರುವಾರ ನೀನು ಬರೋದನ್ನ ಶಾಲೆಯವರಿಗೆ ನಾನು ಹೇಳಿರ್ತೀನಿ. ಮಗಳಿಗೆ ನೀನೇ ಹೇಳು. ಕೇಳಿಕೊಂಡವಳು ನೀನು."

"ಹೇಳ್ತೀನಿ," ಎಂದಳು. ಆದರೆ ಹೇಳುವುದು ಅಷ್ಟು ಸುಲಭವಾಗಲಿಲ್ಲ. ವಾರದ ಕೊನೆಯಲ್ಲಿ ಬಾಯಿ ತೆರೆದಾಗಲೆಲ್ಲ, ಹಿಂದೆ ಎಷ್ಟು ಸಲ ಬರುತ್ತೇನೆಂದು ಹೇಳಿ ಬರದೆ ಉಳಿದಿದ್ದೆ ಎಂಬುದು ನೆನಪಾಗಿ ನಾಲಿಗೆ ಹಿಂದೆ ಸರಿಯಿತು. ಇನ್ನು ಮಾತು ಕೊಡುವುದು ಸಾಕು, ಹೋಗಿ ನಿಂತುಬಿಡುವುದೇ ಸರಿ ಎಂದುಕೊಂಡಳು.

ಮೊದಲ ಬುಧವಾರ ಪಾಳಿ ಮುಗಿಯಲು ಇನ್ನೇನು ಕೆಲವೇ ನಿಮಿಷವಿದ್ದಾಗ ರೇಡಿಯೋ ಗರಗರ ಎಂದಿತು.

"ಆಕಾಶಮ್ಮ, ಕಾಂಕ್ರೀಟ್ ಲಾರಿ ತಡವಾಗಿ ಬಂತು. ಇದೊಂದು ಇಳಿಸಿಕೊಟ್ಟು ಹೋಗು. ಡಬಲ್ ಕೂಲಿ ಬರೆಸ್ತೀನಿ, ಕೈ ಮುಗೀತೀನಿ," ಎಂದ ಮೇಸ್ತ್ರಿ.

ಡಬಲ್ ಕೂಲಿ ಎಂದರೆ ಹೆಚ್ಚುಕಡಿಮೆ ಒಂದು ಜೊತೆ ಶೂ. ರೂಮಿನ ಅರ್ಧ ಬಾಡಿಗೆಗೆಂದು ಕಾರು ಮಾರಿ ಆಗಿತ್ತು, ಹೊಸ ಸಂಬಳ ಕೈಗೆ ಬಂದಿರಲಿಲ್ಲ. ಹಿಂದಾಗಿದ್ದರೆ ಕೈ ತಾನಾಗಿ ಲಿವರಿನ ಮೇಲೆ ಹೋಗುತ್ತಿತ್ತು. ಅವಳು ಕೊಕ್ಕೆಯನ್ನು ಮೇಲಕ್ಕೆಳೆದು, ಯಂತ್ರ ಆರಿಸಿ, ಕೀಲಿ ತೆಗೆದಳು.

"ಸಾಲಲ್ಲಿ ಕಾಯ್ತಿದ್ದಾರಲ್ಲ, ಅವರನ್ನ ಹತ್ತಿಸು," ಎಂದು ರೇಡಿಯೋಗೆ ಹೇಳಿ ಏಣಿ ಇಳಿಯತೊಡಗಿದಳು. ಕೆಳಗಿನಿಂದ ಮೇಸ್ತ್ರಿ ಏನೇನೋ ಕೂಗುತ್ತಿದ್ದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಬಸ್ಸು ಹಿಡಿದು, ನಿಂತೇ ಬಂದು, ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಇಟ್ಟುಕೊಳ್ಳುವ ಆಟದ ಕೋಣೆ ಮುಚ್ಚುವ ಮೊದಲು ಗೇಟು ಮುಟ್ಟಿದಳು. ಅಂಗಳದಲ್ಲಿ ಪಿಟೀಲು ಇಬ್ಬರು ಗೆಳತಿಯರ ತಲೆ ತಿನ್ನುತ್ತಾ, ಕೈ ಬೀಸಿ ಬೀಸಿ ಯಾವುದೋ ಕಥೆ ಹೇಳುತ್ತಿದ್ದಳು. ಆ ದನಿ ಕೇಳಿಯೇ ಆಕಾಶಮ್ಮನ ಆಯಾಸ ಅರ್ಧ ಇಳಿಯಿತು. ಅವಳು ಕೈ ಎತ್ತಿದಳು.

ಮಗಳು ತಾಯಿಯನ್ನು ಕಂಡಳು. ಮಾತು ನಡುವೆಯೇ ನಿಂತಿತು. ಓಡಿ ಬರಲಿಲ್ಲ. ಮುಖ ಬಿಳಿಚಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತಾ ಬಂದಳು.

"ಅಪ್ಪಂಗೆ ಏನಾಯ್ತು?"

"ಏನೂ ಆಗಿಲ್ಲ ಮರಿ. ಅಂಗಡೀಲಿದ್ದಾನೆ."

"ಮತ್ತೆ ಯಾರಿಗೆ ಹುಷಾರಿಲ್ಲ?"

ಆಕಾಶಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಎರಡು ವರ್ಷಗಳಲ್ಲಿ ವಾರದ ನಡುವೆ ಅವಳು ಈ ಗೇಟಿಗೆ ಬಂದದ್ದು ಅವನ ಕೈ ಸುತ್ತಿಗೆಗೆ ಸಿಕ್ಕಿ ಆಸ್ಪತ್ರೆ ಸೇರಿದಾಗ, ಅಜ್ಜಿ ತೀರಿಕೊಂಡಾಗ, ಮಗಳಿಗೇ ಜ್ವರ ಏರಿದಾಗ ಮಾತ್ರ. ಅವಳು ಅದರ ಲೆಕ್ಕ ಇಟ್ಟಿರಲಿಲ್ಲ. ಮಗಳು ಇಟ್ಟಿದ್ದಳು.

ಆಕಾಶಮ್ಮ ಅಲ್ಲೇ ಧೂಳಿನಲ್ಲಿ ಮಂಡಿಯೂರಿ ಕೂತಳು.

"ಎಲ್ಲರೂ ಚೆನ್ನಾಗಿದ್ದಾರೆ ಕಣೇ. ಇವತ್ತು ಬುಧವಾರ, ಅದಕ್ಕೆ ಬಂದೆ. ನಾಳೇನೂ ಬರ್ತೀನಿ. ಮುಂದಿನ ಬುಧವಾರಾನೂ ಬರ್ತೀನಿ."

ಹುಡುಗಿ ಅವಳ ಮುಖವನ್ನು ಅಳೆಯುವಂತೆ ನೋಡಿದಳು.

"ಯಾರಿಗೂ ಏನೂ ಆಗದೇ ಇದ್ರೂನಾ?"

"ಯಾರಿಗೂ ಏನೂ ಆಗದೇ ಇದ್ರೂ," ಎಂದು ಆಕಾಶಮ್ಮ ಮಗಳ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡಳು.